ಡಾವೀಕಡೆ ಅಂದರೆ ಎಡಕ್ಕೆ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಯಾರಾದರೂ ಅವಸರದಲ್ಲಿ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿಕೊಂಡರೆ, "ಯಾಕಪಾ, ರೋಣದ ಮೆಣಸಿನಕಾಯಿ ಘಾಟ ಬಡೀತೇನ?" ಎಂದು ಕೇಳುವುದು ಈಗಲೂ ಇದೆ. ಹೊರಗಿನಿಂದ ಬಂದ ಸೊಸೆಯರಿಗೆ ಈ ಮಾತು ತಿಳಿಯುವುದಿಲ್ಲ. ಅವರು ಸುಮ್ಮನೆ ನಗುತ್ತಾರೆ, ಆಮೇಲೆ ಯಾರನ್ನಾದರೂ ಕೇಳುತ್ತಾರೆ. ಆಗ ಹುಚ್ಚಪ್ಪನ ಕಥೆ ಹೇಳಬೇಕಾಗುತ್ತದೆ. ಅವನ ಹೆಂಡತಿ ಕಳಕವ್ವ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಾಗ ಎಷ್ಟೋ ಸಲ ಹೇಳಿದ್ದು, ಹುಚ್ಚಪ್ಪನೇ ಕಟ್ಟೆಯ ಮೇಲೆ ಕೂತು ಹೇಳಿದ್ದು, ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಹುಚ್ಚಪ್ಪನಿಗೆ ತಂದೆ ತಾಯಿ ಚಿಕ್ಕಂದಿನಲ್ಲೇ ಇಲ್ಲವಾದರು. ಸಾಕಿದವನು ಸೋದರಮಾವ ಅಜ್ಜಪ್ಪ. ಅಜ್ಜಪ್ಪನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಅವನು ನೇಯ್ದ ಸೀರೆಗಳು ಸೊಲ್ಲಾಪುರದವರೆಗೆ ಹೋಗುತ್ತಿದ್ದವು. ಕೆಂಪು ಸೆರಗಿನ ಅಜ್ಜಪ್ಪನ ಸೀರೆ ಎಂದರೆ ಅಲ್ಲಿಯ ವ್ಯಾಪಾರಿಗಳು ಮಡಿಕೆ ಬಿಚ್ಚಿ ನೋಡದೆ ಒಯ್ಯುತ್ತಿದ್ದರು. ಆದರೆ ಆ ಮಗ್ಗಕ್ಕೂ ಹುಚ್ಚಪ್ಪನಿಗೂ ಕೂಡಿಬರಲಿಲ್ಲ. ಅವನು ಕೂತರೆ ಎಳೆ ಹರಿಯುತ್ತಿತ್ತು. ಎಳೆ ಹರಿದರೆ ಮಾವನ ಕೈಯ ಲಾಳಿ ಅವನ ತಲೆಗೆ ಬೀಳುತ್ತಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವನು ಯಾರಿಗೂ ಹೇಳದೆ ಮೂಡಣ ದಿಕ್ಕಿಗೆ ನಡೆದುಬಿಟ್ಟ.

ನಮ್ಮೂರಿನಿಂದ ಮೂಡಣಕ್ಕೆ ಸ್ವಲ್ಪ ದೂರ ಹೋದರೆ ಆಗ ಬೇರೆ ದೇಶವೇ. ನಿಜಾಮರ ರಾಜ್ಯ. ನಾವು ಮೊಗಲಾಯಿ ಎನ್ನುತ್ತಿದ್ದೆವು. ಅಲ್ಲಿಯ ರೂಪಾಯಿ ಬೇರೆ, ಕಚೇರಿಯ ಭಾಷೆ ಬೇರೆ, ಗಡಿಯಲ್ಲಿ ಗಂಟು ಬಿಚ್ಚಿ ನೋಡುವ ನಾಕಾದವರು ಬೇರೆ. ಹೊಲ ಮಾತ್ರ ಆಚೆಗೂ ಈಚೆಗೂ ಒಂದೇ ಕರಿ ಎರೆ ನೆಲ. ಹುಚ್ಚಪ್ಪ ಕುಷ್ಟಗಿಯಲ್ಲಿ ಒಂದು ಸರ್ವಿಸ್ ಮೋಟಾರು, ಅಂದರೆ ಈಗಿನ ಬಸ್ಸು, ತೊಳೆಯುವ ಕೆಲಸಕ್ಕೆ ನಿಂತ. ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಮೋಟಾರು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಮದರಸಾಬ. ಹಿಂದೆ ಹೈದರಾಬಾದಿನಲ್ಲಿ ಒಬ್ಬ ನವಾಬರ ಕಾರು ನಡೆಸಿದ್ದವನು, ಅದೇ ಠೀವಿಯ ಉರ್ದು ಆಡುವವನು. ನಮ್ಮ ಕಡೆಯ ಸಾಬರು ಬಲಗೈ ಎಡಗೈಗೆ 'ಸೀದಾ ಹಾತ್, ಉಲ್ಟಾ ಹಾತ್' ಎಂದು ಆಡುವುದನ್ನು ಕೇಳಿದರೆ ಮೂಗು ಮುರಿಯುತ್ತಿದ್ದ. ಅವನ ಬಾಯಲ್ಲಿ ಬಲಕ್ಕೆ ಅಂದರೆ 'ದಾಯೇ', ಎಡಕ್ಕೆ ಅಂದರೆ 'ಬಾಯೇ'. ಹುಚ್ಚಪ್ಪ ಆ ಎರಡು ಶಬ್ದದ ಮೇಲೇ ಮೋಟಾರು ಕಲಿತ. ಎಳೆ ಹರಿಯುತ್ತಿದ್ದ ಅದೇ ಕೈ ಸ್ಟೇರಿಂಗಿನ ಮೇಲೆ ಬಿದ್ದಾಗ ಮಾತು ಕೇಳಿತು. ಮದರಸಾಬ ಒಂದು ದಿನ ತಾನೇ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಗೊರಕೆ ಹೊಡೆದನಂತೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ತನಗೆ ಯಾರೂ ಕೊಟ್ಟಿಲ್ಲ ಎಂದು ಹುಚ್ಚಪ್ಪ ಹೇಳುತ್ತಿದ್ದ. ಆಮೇಲೆ ನಿಜಾಮರ ಮುದ್ರೆ ಒತ್ತಿದ ಲೈಸನ್ಸೂ ಬಂತು, ಉರ್ದುವಿನಲ್ಲಿ.

ಅವನು ಕನ್ನಡದಲ್ಲಿ ಉಂಡ, ಕನ್ನಡದಲ್ಲಿ ಜಗಳಾಡಿದ, ಕನ್ನಡದಲ್ಲೇ ದೇವರನ್ನು ನೆನೆದ. ಆದರೆ ಮೋಟಾರಿನಲ್ಲಿ ಕೂತ ಕೂಡಲೆ ಅವನ ಕೈಕಾಲಿಗೆ ತಿಳಿಯುತ್ತಿದ್ದುದು ಮದರಸಾಬನ ಉರ್ದು ಒಂದೇ. ಇದನ್ನು ಆಗ ಯಾರೂ ಗಮನಿಸಲಿಲ್ಲ, ಅವನೂ ಗಮನಿಸಲಿಲ್ಲ.

ನಿಜಾಮರ ಆಳಿಕೆ ಮುಗಿದು ಕೆಲವು ವರ್ಷಗಳಾದ ಮೇಲೆ ಅಜ್ಜಪ್ಪ ಹೇಳಿ ಕಳಿಸಿದ. ಅವನಿಗೆ ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು ಕಳಕವ್ವ. ಲಾಳಿಯಲ್ಲಿ ಹೊಡೆದದ್ದನ್ನು ಮಾವನೂ ಮರೆತಿರಲಿಲ್ಲ, ಅಳಿಯನೂ ಮರೆತಿರಲಿಲ್ಲ. ಆದರೂ ಅಕ್ಕನ ಮಗ ಎಂಬ ಕರುಳು ದೊಡ್ಡದು. ಮದುವೆಯಾಯಿತು. ಮಗಳು ತಂದೆಯ ಮಗ್ಗ ಬಿಟ್ಟು ಹೋಗುವಂತಿರಲಿಲ್ಲ. ಕಂಡಿಕೆ ಸುತ್ತುವವಳು, ಎಳೆಗೆ ಗಂಜಿ ಹಾಕುವವಳು, ಮುದುಕನಿಗೆ ರೊಟ್ಟಿ ಬಡಿಯುವವಳು ಅವಳೇ. ಹಾಗಾಗಿ ಹುಚ್ಚಪ್ಪ ಮಾವನ ಮನೆಯಲ್ಲೇ ಉಳಿದ. ನೇಕಾರನ ಮನೆಗೆ ನೇಯಲು ಬಾರದ ಮನೆಅಳಿಯ. ಓಣಿಯವರು ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ, ಆದರೆ ನೀರಿಗೆ ಹೋದಾಗ ಕಳಕವ್ವನ ಕಿವಿಗೆ ಬೀಳುವಷ್ಟು ಮೆಲ್ಲಗೆ ಅನ್ನುತ್ತಿದ್ದರು.

ಹುಚ್ಚಪ್ಪ ನರಗುಂದಕ್ಕೆ ಹೋದ. ಅಲ್ಲಿ ನಿಜಲಿಂಗಪ್ಪ ಎಂಬ ಕಾಳಿನ ವ್ಯಾಪಾರಿ ಇದ್ದ. ಅವನದೊಂದು ಸರ್ವಿಸ್ ಮೋಟಾರು ಗಜೇಂದ್ರಗಡದಿಂದ ರೋಣದ ಮೇಲೆ ಹಾಯ್ದು ನರಗುಂದಕ್ಕೆ ಹೋಗಿಬರುತ್ತಿತ್ತು. ಹುಚ್ಚಪ್ಪ ಮೇಣಗಪ್ಪಡದಲ್ಲಿ ಸುತ್ತಿದ್ದ ಲೈಸನ್ಸನ್ನು ಬಿಚ್ಚಿ ಮುಂದಿಟ್ಟ. ನಿಜಲಿಂಗಪ್ಪ ಅದನ್ನು ಮೇಲೆ ಕೆಳಗೆ ಮಾಡಿ ನೋಡಿದ.

"ಇದನ್ನ ಯಾವ ಕಡಿಯಿಂದ ಓದೂದೋ ಮಾರಾಯಾ?"

"ಬಲಗಡಿಯಿಂದ್ರಿ, ಸಾವ್ಕಾರ್ರ."

"ಹಂಗಾದ್ರ ನಡೆಯೂದಿಲ್ಲಪಾ. ಇದು ಮುಂಬಯಿ ರಾಜ್ಯ. ಇಲ್ಲಿ ಎಲ್ಲಾ ಎಡದಿಂದ ಓದತಾರ." ತನ್ನ ಮಾತಿಗೆ ತಾನೇ ನಕ್ಕು, ಆಮೇಲೆ ನಿಜವಾಗಿಯೇ ಹೇಳಿದ. "ಮೋಟಾರ ಪರೀಕ್ಷೆ ಮಾಡೂ ಸಾಹೇಬ್ರು ರೋಣಕ್ಕ ಆಗೊಮ್ಮೆ ಈಗೊಮ್ಮೆ ಬರ್ತಾರ. ಅವರ ಕಡಿಂದ ಇಲ್ಲೀ ಲೈಸನ್ಸ್ ತಗೊಂಡ ಬಾ, ಮೋಟಾರ ನಿನ್ನ ಕೈಯಾಗ ಕೊಡ್ತೇನಿ. ಈಗಿನ ಡ್ರೈವರ್ ಮೋದಿನಸಾಬನ ಕಣ್ಣಿಗೆ ಪರದಾ ಬಂದೈತಿ, ಅವನೂ ಬಿಡ್ತೇನಿ ಅನ್ನಾಕತ್ತಾನ. ಅಲ್ಲೀತನಕಾ ಕ್ಲೀನರ್ ಅಂತ ಇರು."

ಹೀಗೆ ಕುಷ್ಟಗಿಯಲ್ಲಿ ಡ್ರೈವರ್ ಆಗಿದ್ದವನು ಗಡಿ ದಾಟಿ ತನ್ನೂರಿಗೆ ಬಂದು ಮತ್ತೆ ಕ್ಲೀನರ್ ಆದ. ಬೆಳಿಗ್ಗೆ ಹ್ಯಾಂಡಲ್ ಹೊಡೆದು ಮೋಟಾರು ಚಾಲೂ ಮಾಡುವುದು, ಮೇಲೆ ಗಂಟುಮೂಟೆ ಕಟ್ಟುವುದು, ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಗಾಲಿ ಹುಗಿದರೆ ಜನರನ್ನು ಇಳಿಸಿ ದೂಡುವುದು. ಇದೆಲ್ಲದರ ಜೊತೆಗೆ ಇನ್ನೊಂದು ಕೆಲಸ. ಮುದುಕ ಮೋದಿನಸಾಬನ ಪಕ್ಕದಲ್ಲಿ ಬಾಗಿಲಿಗೆ ಜೋತುಬಿದ್ದು, "ಚಾಚಾ, ಎಡಕ್ಕ ಕುಣಿ ಐತಿ. ಮುಂದ ಚಕ್ಕಡಿ ನಿಂತೈತಿ" ಎಂದು ದಾರಿ ಹೇಳುವುದು. ಮೋದಿನಸಾಬ ಒಮ್ಮೊಮ್ಮೆ, "ಮೋಟಾರ ನಾ ನಡಸ್ತೇನೋ ನೀ ನಡಸ್ತೀಯೋ?" ಎಂದು ಕೇಳುತ್ತಿದ್ದ. "ನಿಮ್ಮ ಕೈ, ನನ್ನ ಕಣ್ಣರಿ" ಎನ್ನುತ್ತಿದ್ದ ಹುಚ್ಚಪ್ಪ.

ಮುಂದಿನ ಚಳಿಗಾಲದಲ್ಲಿ ಸಾಹೇಬರು ರೋಣಕ್ಕೆ ಬಂದರು. ಮರಾಠಿ ಮಾತಿನವರು, ಪುಣೆಯ ಕಡೆಯವರು. ಕನ್ನಡದಲ್ಲಿ 'ಬರ್ರಿ', 'ಕೂಡ್ರಿ', 'ನೀರು' ಇಷ್ಟು ಬರುತ್ತಿತ್ತು. ಒಳ್ಳೆಯ ಮನುಷ್ಯರೇ. ಅವರ ಜೊತೆಗೆ ಹೂವಪ್ಪ ಎಂಬ ರೋಣದ ಸಿಪಾಯಿ ಇರುತ್ತಿದ್ದ. ಆ ದಿನ ಕಳಕವ್ವ ನಸುಕಿನಲ್ಲೇ ಎದ್ದು ಗುಡ್ಡದ ಮೇಲಿನ ಕಾಲಕಾಲೇಶ್ವರನಿಗೆ ಹೋಗಿ, ಅಲ್ಲಿಯ ಒರತೆಯ ನೀರು ತಂದು ಗಂಡನ ಕಣ್ಣಿಗೆ ಹಚ್ಚಿದ್ದಳು. ನಿಜಲಿಂಗಪ್ಪನ ಮೋಟಾರೇ ಪರೀಕ್ಷೆಗೆ. ಸಾಹೇಬರು ಪಕ್ಕದಲ್ಲಿ ಕೂತರು, ಹೂವಪ್ಪ ಮತ್ತು ಮೋದಿನಸಾಬ ಹಿಂದೆ.

ಮೊದಲಿಗೆ ಎಲ್ಲ ಚಂದ ನಡೆಯಿತು. ಎತ್ತಿನ ಬಂಡಿಗಳ ನಡುವೆ ಹುಚ್ಚಪ್ಪ ಮೋಟಾರನ್ನು ಸದ್ದಿಲ್ಲದೆ ತೆಗೆದ. ಊರ ನಡುವೆ ದಾರಿ ಎರಡಾಗುವ ಕಡೆ ಬಂತು. ಎಡಕ್ಕೆ ಅಗಲವಾದ ಹಾದಿ, ಬಲಕ್ಕೆ ಸಂತೆಯ ಇಕ್ಕಟ್ಟಿನ ಓಣಿ. ಇಂಜಿನ್ನಿನ ಗದ್ದಲದ ನಡುವೆ ಸಾಹೇಬರು ಹೇಳಿದರು.

"ಡಾವೀಕಡೇ ಘೇ."

ಹುಚ್ಚಪ್ಪನ ಕಿವಿಗೆ ಬಿದ್ದದ್ದು 'ದಾಯೇ'. ಬಲಕ್ಕೆ! ಒಂದು ಗಳಿಗೆ ಅವನಿಗೆ ಅನುಮಾನ ಬಂತು. ಇಂಥ ಅಗಲ ಹಾದಿ ಬಿಟ್ಟು ಸಂತೆಯೊಳಗೆ ಯಾಕೆ ಹೋಗೆನ್ನುತ್ತಾರೆ? ಕೇಳಲೇ? ಡ್ರೈವರ್ ಆದವನು ಕೇಳುವುದೇ? ಆಮೇಲೆ ಅವನಿಗೆ ಹೊಳೆಯಿತು. ಇದೇ ಪರೀಕ್ಷೆ! ಬೇಕೆಂತಲೇ ಕಠಿಣ ದಾರಿ ಹಿಡಿಸುತ್ತಿದ್ದಾರೆ. ತೋರಿಸಿಯೇ ಬಿಡುತ್ತೇನೆ ಎಂದು ಅವನು ಬಲಕ್ಕೆ ಹೊರಳಿಸಿದ. ಸಾಹೇಬರು "ಅರೇ, ಅರೇ" ಎಂದರು. ಶಾಬಾಸ್‌ಗಿರಿ ಎಂದುಕೊಂಡು ಹುಚ್ಚಪ್ಪ ಇನ್ನಷ್ಟು ಹುರುಪಾದ. ಬದನೆಕಾಯಿ ಬುಟ್ಟಿಗೆ ತಾಗದೆ, ಬಳೆಗಾರನ ಚಪ್ಪರಕ್ಕೆ ತಾಗದೆ, ಜನ ಬಾಯಿಬಿಟ್ಟು ನೋಡುವ ಹಾಗೆ ಮೋಟಾರು ಒಳಗೆ ಹೋಯಿತು. ಓಣಿಯ ಕೊನೆಗೆ ದಾರಿ ತುಂಬ ಕೆಂಪಗೆ ಒಣಮೆಣಸಿನಕಾಯಿ ಹರವಿದ್ದರು. ಹುಚ್ಚಪ್ಪ ಬ್ರೇಕ್ ಒತ್ತಿದ. ಮುಂದಿನ ಗಾಲಿ ರಾಶಿಯ ಅಂಚಿಗೆ ಬಂದು, ಒಂದು ಕಾಯನ್ನೂ ಮುರಿಯದೆ ನಿಂತಿತು. ಆದರೆ ಮೋಟಾರಿನ ಗಾಳಿಗೆ ಘಾಟು ಎದ್ದಿತು. ಸಾಹೇಬರು ಸೀನಿದರು. ಹೂವಪ್ಪ ಸೀನಿದ. ಮೋದಿನಸಾಬ, "ಯಾ ಅಲ್ಲಾ" ಎಂದು ಸೀನಿದ. ಮೆಣಸಿನಕಾಯಿಯ ಒಡತಿ ಕೈಯಲ್ಲಿ ಸೆರಗು ಹಿಡಿದು ಬಂದು, "ನಿಮ್ಮ ಮೋಟಾರಿಗೆ ಕಣ್ಣ ಇಲ್ಲೇನ? ಇದು ಹಾದಿ ಏನ ಅಂಗಳೇನ?" ಎಂದು ಬೈದಳು.

ಹುಚ್ಚಪ್ಪ ಮಾತ್ರ ಗೆದ್ದವನ ಹಾಗೆ ಸಾಹೇಬರ ಕಡೆ ನೋಡುತ್ತಿದ್ದ. ಅವರು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಹೂವಪ್ಪನಿಗೆ ಏನೋ ಹೇಳಿದರು. ಹೂವಪ್ಪ ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದ.

"ಕೈ ಚಲೋ ಐತಂತ. ಆದ್ರ ನಿನಗ ಎಡಾ ಬಲಾ ತಿಳಿಯೂದಿಲ್ಲ ಅಂತಾರಪಾ. ಎಡಕ್ಕ ಹೋಗು ಅಂದ್ರ ಬಲಕ್ಕ ಬಂದಿ. ಲೈಸನ್ಸ್ ಕೊಡೂದಿಲ್ಲಂತ."

"ಇಲ್ರಿ! ಸಾಹೇಬ್ರು ಬಲಕ್ಕ ಅಂದಾರ. ನನ್ನ ಕಿವೀಲೆ ಕೇಳೇನಿ" ಎಂದ ಹುಚ್ಚಪ್ಪ. ಮೋದಿನಸಾಬನನ್ನು ಸಾಕ್ಷಿಗೆ ಕರೆದ. ಮೋದಿನಸಾಬನಿಗೆ ಮರಾಠಿ ಬಾರದು. "ನನಗ ಲೈಸನ್ಸ್ ಕೊಟ್ಟಾವ ಬಿಳೀ ಸಾಹೇಬ, ಅವ ಲೆಫ್ಟ್ ರೈಟ್ ಅಂತಿದ್ದ. ಇದು ನನಗ ತಿಳೀಲಿಲ್ಲೋ ತಮ್ಮಾ" ಎಂದು ಅವನು ಕೈಚೆಲ್ಲಿದ.

ಸುದ್ದಿ ಅದೇ ಮೋಟಾರಿನಲ್ಲಿ ಕೂತು ಗಜೇಂದ್ರಗಡಕ್ಕೆ ಬಂತು. ಎಡ ಬಲ ತಿಳಿಯದ ಡ್ರೈವರ್! ನರಗುಂದದಲ್ಲಿ ನಿಜಲಿಂಗಪ್ಪ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ನೋಡ ಹುಚ್ಚಪ್ಪ, ಮೋದಿನಸಾಬನ್ನ ದಸರಾದಿಂದ ಮುಂದ ಆ ಸೀಟಿನ ಮ್ಯಾಲೆ ನಾ ಕೂಡಸೂದಿಲ್ಲ. ಮಂದಿ ಜೀವದ ಮಾತೈತಿ. ಸಾಹೇಬ್ರು ಮಳೆಗಾಲದಾಗ ಮತ್ತೊಮ್ಮೆ ಬರ್ತಾರಂತ. ಅದೂ ತಪ್ಪಿದ್ರ ಹುಬ್ಬಳ್ಳಿಯಿಂದ ಒಬ್ಬಾವನ್ನ ಕರಸ್ತೇನಿ" ಎಂದ.

ಆ ಸಂಜೆ ಹುಚ್ಚಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಅಜ್ಜಪ್ಪ ಕುಣಿಯಲ್ಲಿ ಕೂತು ನೇಯುತ್ತಲೇ ಇದ್ದ. ಲಾಳಿಯ ಸದ್ದಿನ ನಡುನಡುವೆ ಅವನ ಮಾತು.

"ಅಲ್ಲೋ, ಉಣ್ಣೂ ಕೈ ಯಾವುದು ಅನ್ನೂದರೇ ಗೊತ್ತೈತಿಲ್ಲ? ಇಲ್ಲಾ ಅದನ್ನೂ ಮೊಗಲಾಯಿದಾಗ ಬಿಟ್ಟ ಬಂದಿಯೋ?"

ಹುಚ್ಚಪ್ಪ ಕಳಕವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದ. "ನಾ ಕುಷ್ಟಗಿಗೆ ವಾಪಸ ಹೊಕ್ಕೇನಿ. ಅಲ್ಲಿ ನನಗ ಯಾರೂ ಎಡಾ ಬಲಾ ಕೇಳೂದಿಲ್ಲ."

ಕಳಕವ್ವನ ಕೈಯ ರಾಟೆ ನಿಂತಿತು. "ಹೋಗೂದಾದ್ರ ನಾನೂ ಬರಾಕಬೇಕಲ್ರಿ. ಅಪ್ಪಗ ಕಂಡಿಕಿ ಸುತ್ತಿಕೊಡಾವ್ರು ಯಾರು? ಮಗ್ಗಾ ಮುಚ್ಚೂದೇನು?"

"ನೀ ಇಲ್ಲೇ ಇರು."

"ಲಗ್ನ ಆಗಿದ್ದು ಬ್ಯಾರೆ ಬ್ಯಾರೆ ಇರಾಕೇನ್ರಿ?" ಎಂದವಳು, ಅಳು ತಡೆದುಕೊಂಡು ಬೇರೆ ಮಾತು ಕೇಳಿದಳು. ಅವಳು ಹಾಗೆಯೇ, ದುಃಖ ಬಂದರೆ ಏನಾದರೊಂದು ಕೇಳುತ್ತಾಳೆ. "ಸಾಹೇಬ್ರು ಖರೇ ಏನಂದ್ರು ಹೇಳ್ರಿ. ಅವರು ಅಂದಂಗ ಅನ್ರಿ."

"ದಾಯೇ ಕಡೆ ಘೇ ಅಂದ್ರು. ದಾಯೇ ಅಂದ್ರ ಬಲಕ್ಕಲ್ಲೇನ? ಸ್ವಲ್ಪ ಗಟ್ಟಿಸಿ ಅಂದ್ರು, 'ಡಾವೀಕಡೇ' ಅಂದಂಗ."

ಮಗ್ಗ ನಿಂತಿತು.

"ಏನಂದ್ರು? ಇನ್ನೊಮ್ಮೆ ಅನ್ನು" ಎಂದ ಅಜ್ಜಪ್ಪ.

"ಡಾವೀಕಡೇ."

ಅಜ್ಜಪ್ಪ ನಗಲು ಶುರು ಮಾಡಿದ. ಕುಣಿಯಲ್ಲಿ ಕೂತವನು ಹಿಂದಕ್ಕೆ ಒರಗಿ, ನೇಯ್ದ ಬಟ್ಟೆಯ ಮೇಲೆ ಕಣ್ಣೀರು ಬೀಳದಂತೆ ಕೈ ಅಡ್ಡ ಹಿಡಿದು ನಕ್ಕ. "ಲೇ ಹುಚ್ಚಾ! ಡಾವಾ ಅಂದ್ರ ಮರಾಠಿಯೊಳಗ ಎಡಾ! ಸೊಲ್ಲಾಪುರದ ವ್ಯಾಪಾರಿ ಬಂದಾಗೊಮ್ಮೆ ಬಡಕೋತಾನಲ್ಲೋ, 'ಡಾವಾ ಪದರ, ಉಜವಾ ಪದರ' ಅಂತ. ಎಡಗಡಿ ಸೆರಗ, ಬಲಗಡಿ ಸೆರಗ. ಡಾವಾ ಎಡಾ, ಉಜವಾ ಬಲಾ. ನೀ ಮಗ್ಗದ ಮುಂದ ಕುಂತಿದ್ರ ನಿನ್ನ ಕಿವಿಗೂ ಬೀಳ್ತಿತ್ತು!"

ಹುಚ್ಚಪ್ಪ ಎದ್ದು ನಿಂತ. ಸಿಟ್ಟು ಬರಬೇಕೋ ನಗು ಬರಬೇಕೋ ಅವನಿಗೆ ತಿಳಿಯಲಿಲ್ಲ. ತಾನು ಕೇಳಿದ್ದೂ ಸುಳ್ಳಲ್ಲ, ಸಾಹೇಬರು ಹೇಳಿದ್ದೂ ಸುಳ್ಳಲ್ಲ. ನಡುವೆ ಒಂದು ಗಡಿ ಇತ್ತು, ನಾಕಾ ಇಲ್ಲದ ಗಡಿ.

"ಹಂಗಾದ್ರ ಕಲೀತೇನಿ. ಡಾವಾ ಎಡಾ, ಉಜವಾ ಬಲಾ. ಅದರಾಗ ಏನೈತಿ?" ಎಂದ.

"ಬಾಯಿಲೆ ಕಲತ್ರ ಆತೇನೋ? ಎಳಿ ಹರಿಯೂ ಮುಂದ ಬಾಯಿ ಏನ ಮಾಡ್ತೈತಿ? ಕೈಕಾಲಿಗೆ ಕಲಿಸಬೇಕು" ಎಂದ ಅಜ್ಜಪ್ಪ. ಅಳಿಯನ ಮುಖ ನೋಡದೆ ಕುಣಿಯಿಂದ ಮೇಲೆದ್ದ. "ಬಾ. ಇಳಿ ಇಲ್ಲೆ."

ಓಡಿಹೋದ ದಿನದಿಂದ ಹುಚ್ಚಪ್ಪ ಆ ಕುಣಿಗೆ ಕಾಲಿಟ್ಟಿರಲಿಲ್ಲ. ಅಂದು ಇಳಿದ.

ಆಮೇಲೆ ಬೇಸಿಗೆಯೆಲ್ಲ ಆ ಮನೆಯಲ್ಲಿ ನಡೆದದ್ದನ್ನು ಓಣಿಯ ಹೆಂಗಸರು ಕಿಟಕಿಯಿಂದ ನೋಡಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಅಜ್ಜಪ್ಪ ದಪ್ಪ ನೂಲಿನ ಒಂದು ಹಾಸನ್ನು ಮಗ್ಗಕ್ಕೆ ಕಟ್ಟಿದ್ದ. ಮೋಟಾರಿನ ಕೆಲಸ ಮುಗಿಸಿ ಬಂದ ಹುಚ್ಚಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವುದು, ಮಾವ ಎದುರಿಗೆ ಕೂತು ಹುಕುಂ ಕೊಡುವುದು. "ಡಾವಾ!" ಎಂದರೆ ಎಡಗಾಲ ಹಲಗೆ. "ಉಜವಾ!" ಎಂದರೆ ಬಲಗಾಲ ಹಲಗೆ. ಮೊದಮೊದಲು 'ಡಾವಾ' ಎಂದಾಗಲೆಲ್ಲ ಹುಚ್ಚಪ್ಪನ ಬಲಗಾಲು ತಾನಾಗಿ ಒತ್ತುತ್ತಿತ್ತು. ಎಳೆ ಪಟ್ಟೆಂದು ಹರಿಯುತ್ತಿತ್ತು. ಅಜ್ಜಪ್ಪನ ಕೈ ಲಾಳಿಯ ಕಡೆ ಹೋಗುತ್ತಿತ್ತು, ಆದರೆ ಅಲ್ಲೇ ನಿಲ್ಲುತ್ತಿತ್ತು. ಹರಿದ ಎಳೆಯನ್ನು ಕಳಕವ್ವ ಬಂದು ಗಂಟು ಹಾಕುತ್ತಿದ್ದಳು.

ಮುದುಕ ಮಗ್ಗಕ್ಕಷ್ಟೇ ಬಿಡಲಿಲ್ಲ. ಜಳಕಕ್ಕೆ ಕೂತಾಗ, "ಡಾವಾ ಕೈಲೆ ಚಂಬ ಹಿಡಿ!" ಗುಡಿಗೆ ಹೊರಟಾಗ, "ಉಜವಾ ಕಾಲ ಮೊದಲ ಇಡು!" ಉಣ್ಣಲು ಕೂತವನಿಗೆ, "ಡಾವಾ ಕೈಲೆ ರೊಟ್ಟಿ ಮುರಿ!" ಹುಚ್ಚಪ್ಪ ಮರೆತು ಎಡಗೈ ಚಾಚಿದರೆ, "ನೋಡವಾ ಕಳಕಿ, ನಿನ್ನ ಗಂಡಗ ಮರಾಠಿ ಬಂತು, ಉಣ್ಣೂ ರೀತಿ ಹೋತು" ಎಂದು ನಗುತ್ತಿದ್ದ. ಕಳಕವ್ವ, "ಅಪ್ಪಾ, ಉಣ್ಣೂ ಹೊತ್ತಿನ್ಯಾಗರೆ ಸುಮ್ಮನಿರ" ಎಂದು ಗದರಿಸಿದರೂ ಅವಳಿಗೆ ಒಳಗೊಳಗೆ ಹಿಗ್ಗು. ಅಪ್ಪ ಮತ್ತು ಗಂಡ ಒಂದೇ ಮನೆಯಲ್ಲಿದ್ದು ಅಷ್ಟು ಮಾತಾಡಿದ್ದನ್ನು ಅವಳು ಅದೇ ಮೊದಲು ಕೇಳುತ್ತಿದ್ದಳು. ಬರಬರುತ್ತ ಎಳೆ ಹರಿಯುವುದು ನಿಂತಿತು. ಮಳೆ ಹಿಡಿಯುವ ಹೊತ್ತಿಗೆ ಒಂದು ತುಂಡು ಬಟ್ಟೆ ಆಯಿತು. ಅಂಚು ಹಾವಿನಂತೆ ಸೊಟ್ಟ, ನಡುವೆ ಗಂಟೋ ಗಂಟು. "ಇದನ್ನ ಸೊಲ್ಲಾಪುರಕ್ಕ ಕಳಸೂಣೇನು?" ಎಂದ ಅಜ್ಜಪ್ಪ. ಕಳಕವ್ವ ಅದನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟಳು.

ಶ್ರಾವಣ ಮುಗಿದು ಸಾಹೇಬರು ಮತ್ತೆ ರೋಣಕ್ಕೆ ಬಂದರು. ಕಳಕವ್ವ ಮತ್ತೆ ಗುಡ್ಡ ಹತ್ತಿದಳು. ಈ ಸಲ ಅವಳು ಗಂಡನ ಕಣ್ಣಿಗಲ್ಲ, ಕಿವಿಗೆ ನೀರು ಹಚ್ಚಿದಳು. ದೇವರಿಗೆ ಏನು ಹೇಳಿಕೊಂಡೆ ಎಂದು ಒಮ್ಮೆ ಕೇಳಿದ್ದೆ. "ಲೈಸನ್ಸ್ ಕೊಡು ಅಂತ ಬೇಡಲಿಲ್ಲ. ಹೇಳಿದ್ದು ಹೇಳಿದಂಗ ಅವರ ಕಿವಿಗೆ ಬೀಳಲಿ ಅಂದೆ" ಎಂದಳು.

ಸಾಹೇಬರಿಗೆ ಹುಚ್ಚಪ್ಪನ ಗುರುತು ಸಿಕ್ಕಿತು. ಅವರು ನಗುತ್ತ ಮೂಗು ಮುಟ್ಟಿಕೊಂಡರು. ಹೂವಪ್ಪ, ಮೋದಿನಸಾಬ ಹಿಂದೆ ಹತ್ತಿದರು. ಮೋಟಾರು ಹೊರಟಿತು. "ಡಾವೀಕಡೇ" ಎಂದರು ಸಾಹೇಬರು. ಹುಚ್ಚಪ್ಪನ ಎಡಗಾಲು ಕುಣಿಯಲ್ಲಿದ್ದಂತೆ ಒಮ್ಮೆ ಅದುರಿತು, ಕೈ ಎಡಕ್ಕೆ ಹೊರಳಿಸಿತು. "ಉಜವೀಕಡೇ." ಬಲಕ್ಕೆ. ಮತ್ತೆ "ಡಾವೀಕಡೇ." ಮತ್ತೆ ಎಡಕ್ಕೆ. ಹಿಂದೆ ಮೋದಿನಸಾಬ ತಸಬಿಯ ಮಣಿ ಎಣಿಸುತ್ತ ಕೂತಿದ್ದ. ಮೋಟಾರು ದಾರಿ ಎರಡಾಗುವ ಅದೇ ಜಾಗಕ್ಕೆ ಬಂತು. ಎಡಕ್ಕೆ ಅಗಲ ಹಾದಿ, ಬಲಕ್ಕೆ ಸಂತೆಯ ಓಣಿ.

ಸಾಹೇಬರು ಒಳ್ಳೆಯ ಮನುಷ್ಯರು ಎಂದೆನಲ್ಲ. ಹೋದ ಸಲದ ಗೊಂದಲ ಅವರ ಮನಸ್ಸಿನಲ್ಲೂ ಉಳಿದಿತ್ತು. ಈ ಬಡವನಿಗೆ ಅವನ ಮಾತಿನಲ್ಲೇ ಹೇಳೋಣ ಎಂದು ಅವರು ಆ ಬೆಳಿಗ್ಗೆಯಷ್ಟೇ ಹೂವಪ್ಪನಿಂದ ಒಂದು ಕನ್ನಡ ಶಬ್ದ ಕಲಿತು ಬಂದಿದ್ದರು. ಆದರೆ ಅವರ ನಾಲಗೆಯಲ್ಲಿ 'ಬಲಕ್ಕ' ಎಂಬುದು ಮೊದಲು ಉದ್ದವಾಗಿ ಎಳೆದು, ಕೊನೆ ನುಂಗಿ ಬಂತು.

"ಬಾಲೇ..." ಎಂದರು ಸಾಹೇಬರು.

ಇದು ಡಾವಾ ಅಲ್ಲ, ಉಜವಾ ಅಲ್ಲ. ಮದರಸಾಬನ 'ಬಾಯೇ' ಇರಬಹುದೇ? ಹಾಗಾದರೆ ಎಡಕ್ಕೆ. ಕನ್ನಡದ 'ಬಲಕ್ಕೆ' ಇರಬಹುದೇ? ಹಾಗಾದರೆ ಸಂತೆಯೊಳಗೆ. ಕೈ ಆಗಲೇ ಎಡಕ್ಕೆ ಎಳೆಯುತ್ತಿತ್ತು. ಬೇಸಿಗೆಯೆಲ್ಲ ಕಲಿತದ್ದು ಈ ಒಂದು ಶಬ್ದಕ್ಕೆ ಏನೂ ಉಪಯೋಗವಿಲ್ಲ. ದಸರಾ ಎದುರಿಗಿತ್ತು. ಹುಬ್ಬಳ್ಳಿಯ ಡ್ರೈವರನೂ ಕಣ್ಣಿಗೆ ಕಂಡಂತಾಯಿತು.

ಅವನು ಬ್ರೇಕ್ ಒತ್ತಿದ. ಕೈಬ್ರೇಕನ್ನೂ ಎಳೆದ. ನಡುದಾರಿಯಲ್ಲಿ ಮೋಟಾರು ನಿಂತಿತು. ಹಿಂದೆ ಬರುತ್ತಿದ್ದ ಚಕ್ಕಡಿಯವನು ಕೂಗಾಡಿದ. ಹುಚ್ಚಪ್ಪ ಎರಡೂ ಕೈ ಜೋಡಿಸಿ ಸಾಹೇಬರ ಕಡೆ ತಿರುಗಿದ.

"ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ನೀವಂದಿದ್ದು ನನಗ ತಿಳೀಲಿಲ್ರಿ. ಕೈ ಮಾಡಿ ತೋರಸ್ರಿ, ಅತ್ತಾಗ ಹೊಕ್ಕೇನಿ."

ಹೂವಪ್ಪ ಹಿಂದಿನಿಂದ ಅದನ್ನು ಮರಾಠಿಯಲ್ಲಿ ಹೇಳಿದ. ಸಾಹೇಬರು ಬಲಗೈ ಚಾಚಿದರು. ಹುಚ್ಚಪ್ಪ ಮೋಟಾರನ್ನು ಸಂತೆಯ ಓಣಿಗೆ ಹೊರಳಿಸಿದ. ಅದೇ ಬಳೆಗಾರನ ಚಪ್ಪರ, ಅದೇ ಇಕ್ಕಟ್ಟು. ಮೆಣಸಿನಕಾಯಿಯ ಕಾಲವಲ್ಲವಾದ್ದರಿಂದ ದಾರಿ ಕೊನೆಯವರೆಗೆ ತೆರವಾಗಿತ್ತು. ಆಚೆ ಬಂದು ಸಾಹೇಬರು ಇಳಿದುಕೊಂಡಿದ್ದ ಬಂಗಲೆಯ ಮುಂದೆ ನಿಲ್ಲಿಸಿದ.

ಸಾಹೇಬರು ಇಳಿಯುವ ಮುಂಚೆ ಏನೋ ಕೇಳಿದರು. ಹೂವಪ್ಪ ಕನ್ನಡಿಸಿದ. "ಹೋದ ಸಲ ಹಿಂಗ ಯಾಕ ನಿಲ್ಲಿಸಿ ಕೇಳಲಿಲ್ಲ ಅಂತಾರ."

"ಹೋದ ಸಲ ನಾ ಡ್ರೈವರ್ ಅಂತ ಬಂದಿದ್ನಿರಿ" ಎಂದ ಹುಚ್ಚಪ್ಪ. "ಈ ಸಲ ಕ್ಲೀನರ್ ಅದೇನಿ. ಕ್ಲೀನರ್‌ಗ ಕೇಳಾಕ ಎಂಥಾ ನಾಚಿಕೀರಿ?"

ಹೂವಪ್ಪ ಅದನ್ನು ಮರಾಠಿಯಲ್ಲಿ ಹೇಳಿದಾಗ ಸಾಹೇಬರು ಜೋರಾಗಿ ನಕ್ಕರು. ಅವನ ಹೆಗಲ ಮೇಲೆ ಕೈಯಿಟ್ಟು, "ಡ್ರೈವರ್, ಡ್ರೈವರ್" ಎಂದು ಎರಡು ಸಲ ಹೇಳಿದರು. ಅದಕ್ಕೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ದಸರಾದ ದಿನ ಮೋಟಾರಿಗೆ ಪೂಜೆ ಮಾಡಿ ನಿಜಲಿಂಗಪ್ಪ ಕೀಲಿಯನ್ನು ಹುಚ್ಚಪ್ಪನ ಕೈಗಿಟ್ಟ. ಮೋದಿನಸಾಬ ತನ್ನ ಸೀಟಿನಿಂದ ಇಳಿದು, ಅದನ್ನು ಅಂಗೈಯಿಂದ ಒಮ್ಮೆ ಸವರಿ, ಹಿಂದಿನ ಸೀಟಿಗೆ ಹೋಗಿ ಕೂತ. ರೋಣ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ಹುಚ್ಚಪ್ಪ ಹಿಂದಿನ ಗೊರಕೆ ಕೇಳಿ, ಕುಷ್ಟಗಿಯ ಮದರಸಾಬನನ್ನು ನೆನೆದು, ದಾರಿಯುದ್ದಕ್ಕೂ ಒಬ್ಬನೇ ನಕ್ಕನಂತೆ.

ಡ್ರೈವರನ ಸೀಟಿನ ಮೇಲೆ ಒಂದು ಬಟ್ಟೆ ಹಾಸಿತ್ತು. ಅಂಚು ಸೊಟ್ಟ, ನಡುವೆ ಗಂಟು. ಪೂಜೆಯ ದಿನ ಕಳಕವ್ವನೇ ತಂದು ಹಾಸಿದ್ದಳು. ನಿಜಲಿಂಗಪ್ಪ ಅದನ್ನು ನೋಡಿ, "ಇದೇನೋ, ನೇಕಾರರ ಮನ್ಯಾಗ ಇದಕ್ಕಿಂತಾ ಚಲೋ ಅರಿವಿ ಸಿಗಲಿಲ್ಲೇನ? ನಾ ಒಂದ ಕೊಡಸ್ತೇನಿ" ಎಂದ. ಹುಚ್ಚಪ್ಪ ಬೇಡವೆಂದ. "ಇದು ನಾ ನೇಯ್ದದ್ದರಿ, ಸಾವ್ಕಾರ್ರ."

ಆ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕುಷ್ಟಗಿಯೂ ಅದೇ ರಾಜ್ಯಕ್ಕೆ ಬಂತು. ಹುಚ್ಚಪ್ಪ ಓಡಿಹೋಗುವಾಗ ದಾಟಿದ ಗಡಿಯೇ ಇಲ್ಲವಾಯಿತು. ಕಚೇರಿಯಿಂದ ಅವನ ಲೈಸನ್ಸಿಗೆ ಹೊಸ ರಾಜ್ಯದ ಮುದ್ರೆಯೂ ಬಿತ್ತು. ಈ ಸಲ ಪರೀಕ್ಷೆ ಇರಲಿಲ್ಲ. ಆದರೂ ಹುಚ್ಚಪ್ಪ ಕಚೇರಿಗೆ ಹೋಗುವ ಮುಂಚೆ, "ಮೈಸೂರಾಗ ಎಡಕ್ಕ ಏನಂತಾರ?" ಎಂದು ಹೂವಪ್ಪನನ್ನು ಕೇಳಿಕೊಂಡೇ ಹೋದ. ಅಜ್ಜಪ್ಪ ಇದನ್ನೆಲ್ಲ ಕೇಳಿ, "ಇವ ನಡದಾಡಿ ರಾಜ್ಯಾ ಬದಲಾಸಿದ. ನಾ ಕುಣಿಯಾಗ ಕುಂತಲ್ಲೇ ಬದಲಾಸಿದೆ. ಯಾರು ಹೆಚ್ಚು?" ಎಂದ.

ಅಜ್ಜಪ್ಪ ಅಲ್ಲಿಯವರೆಗೆ ಮೋಟಾರು ಹತ್ತಿದವನಲ್ಲ. ಸೀರೆಯ ಗಂಟನ್ನು ಎತ್ತಿನ ಬಂಡಿಯಲ್ಲೇ ಕಳಿಸುತ್ತಿದ್ದ. ಚಳಿ ಬಿದ್ದ ಮೇಲೆ ಒಂದು ದಿನ ತಾನಾಗಿಯೇ, "ನರಗುಂದಕ್ಕ ನಾನೂ ಬರ್ತೇನಿ" ಎಂದ. ಹೊಸ ರುಮಾಲು ಸುತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಕಳಕವ್ವ ಪಕ್ಕದಲ್ಲಿ. ಊರು ದಾಟುವವರೆಗೆ ಅವನು ಮುಂದಿನ ಕಂಬಿಯನ್ನು ಬಿಡಲಿಲ್ಲ. ರೋಣದಲ್ಲಿ ದಾರಿ ಎರಡಾಗುವ ಜಾಗ ಬಂದಾಗ ಅವನಿಗೆ ತಡೆಯಲಾಗಲಿಲ್ಲ.

"ಡಾವಾ!" ಎಂದು ಕೂಗಿಬಿಟ್ಟ.

"ಗೊತ್ತೈತಿ ಮಾವಾ" ಎಂದ ಹುಚ್ಚಪ್ಪ, ಹಿಂತಿರುಗಿ ನೋಡದೆ ಎಡಕ್ಕೆ ಹೊರಳಿಸುತ್ತ.

ರೋಣದಲ್ಲಿ ಹತ್ತಿದ ಹೊಳೆಆಲೂರಿನ ರೈತನೊಬ್ಬ ಎರೆಹೊಲದ ಹಾದಿಯಲ್ಲಿ ಮೋಟಾರು ಅಲುಗಾಡದೆ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿ, ಪಕ್ಕದ ಮುದುಕನನ್ನು ಕೇಳಿದ. "ಡ್ರೈವರ್ ಭಾಳ ಚಲೋ ನಡಸ್ತಾನಲ್ರಿ. ಯಾವೂರಾವ?"

ಅಜ್ಜಪ್ಪ ಕಂಬಿಯಿಂದ ಕೈ ತೆಗೆದು ರುಮಾಲು ಸರಿಮಾಡಿಕೊಂಡ. ಓಣಿಯವರ ಬಾಯಲ್ಲಿದ್ದ 'ಮನೆಅಳಿಯ' ಎಂಬ ಶಬ್ದ ಕಳಕವ್ವನಿಗೆ ಗೊತ್ತಿತ್ತು. ಅಪ್ಪ ಯಾವ ಶಬ್ದ ಆರಿಸುತ್ತಾನೆ ಎಂದು ಅವಳು ಕಿವಿಗೊಟ್ಟು ಕೂತಳು.

"ಗಜೇಂದ್ರಗಡದಾವ್ರಿ. ನಮ್ಮ ಅಕ್ಕನ ಮಗ" ಎಂದ ಅಜ್ಜಪ್ಪ. ಆಮೇಲೆ ಮುಂದಿನ ಸೀಟಿಗೆ ಹಾಸಿದ ಬಟ್ಟೆಯ ಸೊಟ್ಟ ಅಂಚನ್ನು ಬೆರಳಿನಿಂದ ತೋರಿಸಿ, "ಆ ಅರಿವೀನೂ ಅವನೇ ನೇಯ್ದದ್ದರಿ" ಎಂದ.